ಒಳಹೊಕ್ಕ ನೀರು ಯಾವುದು? ತೂಫಾನು, ನೆರೆಗಳ ನಂತರ ಕರಾವಳಿಯ ಚೇತರಿಕೆಗೊಂದು ಕೈಪಿಡಿ

ಅರಬ್ಬೀ ಸಮುದ್ರದಲ್ಲಿ ಚಂಡಮಾರುತಗಳು ಮುಖ್ಯವಾಗಿ ಎರಡು ಕಾಲಗಳಲ್ಲಿ ಹುಟ್ಟುತ್ತವೆ: ಒಂದು, ಮುಂಗಾರಿಗೆ ಮುಂಚಿನ ಮೇ–ಜೂನ್, ಇನ್ನೊಂದು, ಮುಂಗಾರು ಹಿಂದೆ ಸರಿದ ನಂತರದ ಅಕ್ಟೋಬರ್–ಡಿಸೆಂಬರ್. 2017ರ ಓಖಿ, 2019ರ ಕ್ಯಾರ್, 2021ರ ತೌಕ್ತೆ ಚಂಡಮಾರುತಗಳಲ್ಲಿ ಯಾವುದೂ ಕರ್ನಾಟಕದ ತೀರದಲ್ಲಿ ನೆಲ ಮುಟ್ಟಲಿಲ್ಲವಾದರೂ, ತೀರಕ್ಕೆ ಸಮಾನಾಂತರವಾಗಿ ಸಾಗುವ ಬಿರುಗಾಳಿ ಏನು ಮಾಡಬಲ್ಲದೆಂಬುದನ್ನು ಇಲ್ಲಿನ ಜನ ಚೆನ್ನಾಗಿ ಬಲ್ಲರು. ತೌಕ್ತೆ 2021ರ ಮೇ 17ರ ರಾತ್ರಿ ಗುಜರಾತಿನ ಊನಾ–ದೀವ್ ಪ್ರದೇಶದಲ್ಲಿ ನೆಲ ಮುಟ್ಟಿತು. ಆದರೆ ಅದಕ್ಕೂ ಮೊದಲೇ, ಉಡುಪಿ ಜಿಲ್ಲೆಯ ನಾಡ ಎಂಬಲ್ಲಿ 24 ಗಂಟೆಗಳ ಅವಧಿಯಲ್ಲಿ 385 ಮಿ.ಮೀ. ಮಳೆ ದಾಖಲಾಗಿತ್ತು, ಉಳ್ಳಾಲದಿಂದ ಕಾರವಾರದವರೆಗೆ ಕಡಲಂಚಿನ ಮನೆ, ರಸ್ತೆ, ದೋಣಿ, ತೆಂಗಿನ ತೋಟಗಳು ಅಲೆಗಳ ಹೊಡೆತಕ್ಕೆ ಸಿಕ್ಕಿದ್ದವು.

ಇಂತಹ ವಿಕೋಪದ ಮುನ್ಸೂಚನೆ, ಸ್ಥಳಾಂತರ, ರಕ್ಷಣೆಗಳ ಬಗ್ಗೆ ಇಂದು ಸಾಕಷ್ಟು ಮಾಹಿತಿ ದೊರೆಯುತ್ತದೆ. ನೀರು ಇಳಿದ ಮೇಲೆ ಏನು ಮಾಡಬೇಕೆಂಬುದರ ಬಗ್ಗೆ ದೊರೆಯುವ ಮಾಹಿತಿ ಮಾತ್ರ ಕಡಿಮೆ. ದೊರೆತರೂ ಅದು ಬೆಂಗಳೂರಿನ ನೆರೆಗೂ ಕೃಷ್ಣಾ ತೀರದ ನೆರೆಗೂ ಕರಾವಳಿಯ ನೆರೆಗೂ ಒಂದೇ ಎಂಬಂತಿರುತ್ತದೆ. ಕರಾವಳಿಯಲ್ಲಿ ಚೇತರಿಕೆಯ ಕೆಲಸ ಆರಂಭವಾಗಬೇಕಾದುದು ಒಂದು ಸರಳ ಪ್ರಶ್ನೆಯಿಂದ: ಮನೆ, ಬಾವಿ, ಗದ್ದೆಗಳನ್ನು ಹೊಕ್ಕ ನೀರು ಮಳೆಯದೋ, ಹೊಳೆಯದೋ, ಕಡಲಿನದೋ? ಗೋಡೆ ಒಣಗಿಸುವ ರೀತಿ, ಬಾವಿ ಶುದ್ಧಗೊಳಿಸುವ ಕ್ರಮ, ಮಣ್ಣಿನ ಆರೈಕೆ ಇವೆಲ್ಲವೂ ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿವೆ.

ಮೂರು ನೀರು, ಮೂರು ಬಗೆಯ ಹಾನಿ

ಕರ್ನಾಟಕದ ಕರಾವಳಿಯ ಉದ್ದ ಸುಮಾರು 320 ಕಿ.ಮೀ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಸೌಪರ್ಣಿಕಾ, ಸೀತಾ, ಸುವರ್ಣಾ, ಶಾಂಭವಿ, ಫಲ್ಗುಣಿ, ನೇತ್ರಾವತಿ ಮುಂತಾದ ನದಿಗಳು ಘಟ್ಟದಿಂದ ಇಳಿದು ಅಲ್ಪ ದೂರದಲ್ಲಿಯೇ ಕಡಲು ಸೇರುತ್ತವೆ. ಚಂಡಮಾರುತದ ವೇಳೆ ಕಡಲಿನ ಮಟ್ಟವೇ ಏರಿರುತ್ತದೆ. ಗಾಳಿ ನೀರನ್ನು ದಡದತ್ತ ಒತ್ತುವುದು ಇದಕ್ಕೆ ಮುಖ್ಯ ಕಾರಣವಾದರೆ, ವಾಯುಭಾರದ ಕುಸಿತವೂ ಅದಕ್ಕೆ ಜೊತೆಗೂಡುತ್ತದೆ. ವಾಯುಭಾರ ಒಂದು ಹೆಕ್ಟೋಪ್ಯಾಸ್ಕಲ್ ಇಳಿದಾಗ ಸಮುದ್ರದ ಮಟ್ಟ ಸುಮಾರು ಒಂದು ಸೆಂ.ಮೀ. ಏರುತ್ತದೆ. ಹೀಗೆ ಗಾಳಿ ಮತ್ತು ವಾಯುಭಾರಗಳಿಂದ ಕಡಲು ಅಸಹಜವಾಗಿ ಏರುವುದನ್ನು ಬಿರುಗಾಳಿ ಉಬ್ಬರ ಎನ್ನುತ್ತಾರೆ. ಇದೇ ಹೊತ್ತಿಗೆ ಘಟ್ಟದಲ್ಲಿಯೂ ಮಳೆ ಸುರಿದರೆ, ನದಿ ಕಡಲು ಸೇರುವ ಅಳಿವೆಯಲ್ಲಿ ನೀರಿಗೆ ದಾರಿ ಸಿಗದೆ ಹೊಳೆ ಹಿಂದಕ್ಕೆ ಒತ್ತಿ ಇಕ್ಕೆಲದ ಬೈಲುಗಳನ್ನು ತುಂಬುತ್ತದೆ.

ಮಳೆಯ ನೀರು ಮೂರರಲ್ಲಿ ಕಡಿಮೆ ಅಪಾಯದ್ದು; ಅದು ಛಾವಣಿ ಸೋರಿಯೋ ಚರಂಡಿ ಉಕ್ಕಿಯೋ ಒಳಬರುತ್ತದೆ ಮತ್ತು ತೇವವನ್ನು ಬಿಟ್ಟರೆ ಹೆಚ್ಚಿನದೇನನ್ನೂ ಉಳಿಸುವುದಿಲ್ಲ, ಚರಂಡಿಯ ಕೊಳೆ ಬೆರೆತಿದ್ದರೆ ಮಾತ್ರ ಅದನ್ನು ಹೊಳೆಯ ನೀರಿನಂತೆಯೇ ಪರಿಗಣಿಸಬೇಕು. ಹೊಳೆಯ ನೀರು ಕೆಸರು, ಶೌಚಗುಂಡಿಗಳ ಮಲಿನ, ಪ್ರಾಣಿಗಳ ಮೂತ್ರ, ಕೃಷಿ ರಾಸಾಯನಿಕ, ಪಂಪು–ವಾಹನಗಳ ಎಣ್ಣೆ ಎಲ್ಲವನ್ನೂ ಹೊತ್ತು ತರುತ್ತದೆ. ಆದ್ದರಿಂದ ಇಲ್ಲಿ ಮುಖ್ಯವಾದುದು ರೋಗಾಣುಗಳ ಭಯ. ಕಡಲಿನ ನೀರು ಉಪ್ಪನ್ನು ಉಳಿಸಿ ಹೋಗುತ್ತದೆ. ಉಪ್ಪು ಒಣಗುವುದರಿಂದ ಹೋಗುವುದಿಲ್ಲ. ಗಾಳಿಯ ತೇವವನ್ನು ಹೀರಿಕೊಂಡು ಮತ್ತೆ ಮತ್ತೆ ಒದ್ದೆಯಾಗುತ್ತ, ತಂತಿ, ಕಬ್ಬಿಣ, ಗಾರೆ, ಬೇರುಗಳನ್ನು ತಿಂಗಳುಗಟ್ಟಲೆ ಹಾಳುಮಾಡುತ್ತಿರುತ್ತದೆ.

ಅಳಿವೆಯ ಸಮೀಪದ ಊರುಗಳಲ್ಲಿ ಹೊಳೆಯ ನೀರೂ ಕಡಲಿನ ನೀರೂ ಬೆರೆತೇ ಬಂದಿರುವ ಸಾಧ್ಯತೆ ಹೆಚ್ಚು. ನೀರನ್ನು ನಾಲಿಗೆಗೆ ಹಚ್ಚಿ ನೋಡುವುದು ಅಪಾಯಕರ. ಅದರ ಬದಲಿಗೆ ನೀರಿನಲ್ಲಿ ಕರಗಿದ ಲವಣದ ಪ್ರಮಾಣ ತೋರಿಸುವ, ಟಿಡಿಎಸ್ ಮೀಟರ್ ಎಂದು ಕರೆಯಲಾಗುವ ಅಂಗೈಯಗಲದ ಉಪಕರಣ ಬಳಸಬಹುದು. ಗೋಡೆ ಒಣಗಿದಂತೆ ಬಿಳಿ ಪುಡಿ ಅರಳುವುದು, ಅಂಗಳದ ಹುಲ್ಲಿನ ತುದಿ ಕೆಲವೇ ದಿನಗಳಲ್ಲಿ ಕಂದಿ ಸುಟ್ಟಂತಾಗುವುದು ಉಪ್ಪುನೀರು ಬಂದುದರ ಇತರ ಕುರುಹುಗಳು.

ಮನೆಗೆ ಮರಳುವ ಮೊದಲ ಗಂಟೆಗಳು

ಮನೆಯ ಒಳಗೆ ಕಾಲಿಡುವ ಮೊದಲು ಹೊರಗಿನಿಂದ ಒಂದು ಸುತ್ತು ಬಂದು ನೋಡಬೇಕು. ಕರಾವಳಿಯ ಹಳೆಯ ಮನೆಗಳಲ್ಲಿ ಹೆಚ್ಚಿನವು ಮುರಕಲ್ಲಿನಿಂದ, ಅಂದರೆ ಕೆಲವೆಡೆ ಕೆಂಪುಕಲ್ಲು, ಉತ್ತರ ಕನ್ನಡದಲ್ಲಿ ಚಿರೇಕಲ್ಲು ಎಂದು ಕರೆಯುವ ಜಂಬಿಟ್ಟಿಗೆಯಿಂದ ಕಟ್ಟಿದವು. ಈ ಕಲ್ಲು ರಂಧ್ರಮಯವಾಗಿದ್ದು ನೀರು ಕುಡಿದಾಗ ಭಾರ ಹೊರುವ ಶಕ್ತಿ ಕುಗ್ಗುತ್ತದೆ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಗೋಡೆಯಾದರೆ ಗಾರೆಯೇ ಕರಗಿ ಹೋಗಿರುತ್ತದೆ. ಗೋಡೆಯಲ್ಲಿ ಓರೆಯಾದ ಹೊಸ ಬಿರುಕು, ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಹಾಕಿಕೊಳ್ಳುವುದು, ಪಂಚಾಂಗದ ಬುಡದ ಮಣ್ಣು ಕೊಚ್ಚಿಹೋಗಿರುವುದು, ಹಂಚಿನ ಮಾಡಿನ ಪಕಾಸು, ರೀಪುಗಳು ಸ್ಥಾನ ತಪ್ಪಿರುವುದು, ಇವುಗಳಲ್ಲಿ ಯಾವುದು ಕಂಡರೂ ಎಂಜಿನಿಯರ್ ಅಥವಾ ಅನುಭವಿ ಮೇಸ್ತ್ರಿ ನೋಡುವ ತನಕ ಒಳಗೆ ಮಲಗಬಾರದು. ಗೋಡೆ ಒದ್ದೆಯಾಗಿರುವಾಗ ನಿಂತಿದ್ದು, ಬಿಸಿಲು ಬಿದ್ದು ಒಣಗುವಾಗ ಕುಸಿಯುವುದೂ ಉಂಟು.

ಗುಡ್ಡ ಕಡಿದು ಸಮತಟ್ಟು ಮಾಡಿದ ಜಾಗದಲ್ಲಿರುವ ಮನೆಗಳವರು ಹಿತ್ತಿಲ ಧರೆಯನ್ನೂ ಪರಿಶೀಲಿಸಬೇಕು. ಧರೆಯ ಮೇಲ್ಭಾಗದಲ್ಲಿ ಹೊಸ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಒಸರತೊಡಗಿದ ಕೆಸರು ನೀರು, ಇವು ಕುಸಿತದ ಮುನ್ಸೂಚನೆಗಳು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಗಂಗಾವಳಿ ನದಿಗೆ ಬಿದ್ದಾಗ, ಚಿಮ್ಮಿದ ನೀರು ಎದುರು ದಡದ ಉಳುವರೆಯ ಮನೆಗಳಿಗೂ ಅಪ್ಪಳಿಸಿತು. ಕುಸಿತದ ಅಪಾಯ ಗುಡ್ಡದ ಬುಡಕ್ಕೆ ಮಾತ್ರ ಸೀಮಿತವಲ್ಲವೆಂಬುದಕ್ಕೆ ಆ ದುರಂತ ಸಾಕ್ಷಿ.

ವಿದ್ಯುತ್ತಿನ ವಿಷಯದಲ್ಲಿ ಒಂದು ನಿಯಮವನ್ನು ಬಿಡದೆ ಪಾಲಿಸಬೇಕು: ನೀರಿನಲ್ಲಿ ನಿಂತು ಯಾವ ಸ್ವಿಚ್ಚನ್ನೂ ಮುಟ್ಟಬಾರದು. ಮೇನ್ ಸ್ವಿಚ್ ಇರುವ ಜಾಗಕ್ಕೆ ಒಣ ನೆಲದ ಮೇಲೆ ಹೋಗಲು ಸಾಧ್ಯವಿಲ್ಲದಿದ್ದರೆ, ಕಂಬದಿಂದಲೇ ಸಂಪರ್ಕ ತಪ್ಪಿಸಲು ವಿದ್ಯುತ್ ಕಂಪನಿಗೆ 1912 ಸಂಖ್ಯೆಗೆ ಕರೆ ಮಾಡಬೇಕು. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳು ಮೆಸ್ಕಾಂ ವ್ಯಾಪ್ತಿಗೂ ಉತ್ತರ ಕನ್ನಡ ಹೆಸ್ಕಾಂ ವ್ಯಾಪ್ತಿಗೂ ಸೇರಿವೆ. ಇನ್ವರ್ಟರ್ ಮತ್ತು ಸೌರಫಲಕಗಳು ಕಂಬದ ಸಂಪರ್ಕ ತಪ್ಪಿಸಿದ ಮೇಲೂ ವಿದ್ಯುತ್ ಹರಿಸಬಲ್ಲವೆಂಬುದನ್ನು ಮರೆಯಬಾರದು. ಮಳೆನೀರಿನಲ್ಲಿ ನೆನೆದ ಮೋಟಾರನ್ನು ತಂತ್ರಜ್ಞರು ಒಣಗಿಸಿ, ಪರೀಕ್ಷಿಸಿ ಮತ್ತೆ ಬಳಕೆಗೆ ತರಬಹುದು. ಆದರೆ ಉಪ್ಪುನೀರಿನಲ್ಲಿ ಮುಳುಗಿದ ಸಾಕೆಟ್, ಸ್ವಿಚ್, ಎಂಸಿಬಿಗಳನ್ನು ಒಣಗಿಸಿ ಉಳಿಸಿಕೊಳ್ಳುವ ಆಸೆ ಸಲ್ಲದು, ಏಕೆಂದರೆ ಒಳಗೆ ಉಳಿದ ಉಪ್ಪಿನ ಪದರ ತೇವ ಹೀರಿ ವಿದ್ಯುತ್ತಿಗೆ ದಾರಿಯಾಗುತ್ತದೆ. ಅವುಗಳನ್ನು ಬದಲಿಸುವಾಗಲೇ, ಸೋರಿಕೆ ಕಂಡೊಡನೆ ಸಂಪರ್ಕ ಕಡಿಯುವ ಆರ್‌ಸಿಸಿಬಿ ಎಂಬ ರಕ್ಷಣಾ ಸಾಧನವನ್ನೂ ಅಳವಡಿಸಿಕೊಳ್ಳುವುದು ಜೀವ ಉಳಿಸುವ ಖರ್ಚು. ಬಾಡಿಗೆ ಜನರೇಟರನ್ನು ಮನೆಯೊಳಗೆ, ಜಗಲಿಯಲ್ಲಿ ಅಥವಾ ಕಿಟಕಿಯ ಬಳಿ ಇಡಬಾರದು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲ ನಿದ್ದೆಯಲ್ಲಿಯೇ ಪ್ರಾಣ ತೆಗೆಯುತ್ತದೆ.

ಅಡುಗೆ ಅನಿಲ ಗಾಳಿಗಿಂತ ಭಾರವಾದುದರಿಂದ ನೆಲಮಟ್ಟದಲ್ಲಿ ಮಡುಗಟ್ಟಿರುತ್ತದೆ. ವಾಸನೆ ಬಂದರೆ ಬೆಂಕಿಕಡ್ಡಿ ಗೀರದೆ, ಸ್ವಿಚ್ ಮುಟ್ಟದೆ ಬಾಗಿಲು ಕಿಟಕಿ ತೆರೆದಿಟ್ಟು ಹೊರಬಂದು, ಅನಿಲ ಸೋರಿಕೆಯ ತುರ್ತು ಸಂಖ್ಯೆ 1906ಕ್ಕೆ ತಿಳಿಸಬೇಕು. ನೀರಿನಲ್ಲಿ ಮುಳುಗಿದ್ದ ಸ್ಕೂಟರ್, ಕಾರುಗಳನ್ನು ಚಾಲೂ ಮಾಡಿ ನೋಡುವುದೂ ತಪ್ಪು. ಸಿಲಿಂಡರಿನೊಳಗೆ ಸೇರಿದ ನೀರು ಕುಗ್ಗದ ಕಾರಣ ಎಂಜಿನ್ ಮುರಿಯುತ್ತದೆ, ಮತ್ತು ಹಾಗೆ ಚಾಲೂ ಮಾಡಿದ್ದರಿಂದಾದ ನಷ್ಟವನ್ನು ವಿಮಾ ಕಂಪನಿ ನಿರಾಕರಿಸಬಹುದು.

ನೆರೆಗೆ ಆಶ್ರಯ ಕಳೆದುಕೊಂಡ ಹಾವುಗಳು ಅಟ್ಟ, ಸೌದೆ ರಾಶಿ, ಮಡಚಿಟ್ಟ ಹಾಸಿಗೆಗಳಲ್ಲಿ ಸೇರಿಕೊಂಡಿರುತ್ತವೆ. ಸಾಮಾನುಗಳನ್ನು ಮೊದಲು ಕೋಲಿನಿಂದ ಸರಿಸಿ, ಆಮೇಲೆ ಕೈ ಹಾಕಬೇಕು. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದನ್ನೂ ಮಾಡದೆ, ಕಚ್ಚಿದ ಅಂಗ ಅಲುಗದಂತೆ ನೋಡಿಕೊಂಡು, 108 ಆಂಬುಲೆನ್ಸ್ ಅಥವಾ ಸಿಕ್ಕ ವಾಹನದಲ್ಲಿ ಪ್ರತಿವಿಷ ಲಭ್ಯವಿರುವ ಆಸ್ಪತ್ರೆ ಸೇರಬೇಕು.

ದಾಖಲೆ ಮೊದಲು, ಸ್ವಚ್ಛತೆ ಅನಂತರ

ಕೆಸರು ತೆಗೆಯುವ ಆತುರದಲ್ಲಿ ಬಹಳಷ್ಟು ಕುಟುಂಬಗಳು ಪರಿಹಾರದ ಸಾಕ್ಷ್ಯವನ್ನೇ ತೊಳೆದು ಹಾಕುತ್ತವೆ. ಗೋಡೆಯ ಮೇಲೆ ನೀರು ನಿಂತ ಗೆರೆ ಸ್ಪಷ್ಟವಾಗಿ ಕಾಣುವಂತೆ, ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು, ದಿನಾಂಕ ಮತ್ತು ಸ್ಥಳ ದಾಖಲಾಗುವ ವ್ಯವಸ್ಥೆಯೊಂದಿಗೆ ಮೊಬೈಲಿನಲ್ಲಿ ಚಿತ್ರ ತೆಗೆಯಬೇಕು. ಮನೆಯ ನಾಲ್ಕೂ ಹೊರಬದಿ, ಪ್ರತಿ ಕೋಣೆ, ಹಾಳಾದ ದವಸ–ಬಟ್ಟೆ–ಪಾತ್ರೆ, ಒಡೆದ ದೋಣಿ, ಹರಿದ ಬಲೆ, ಸತ್ತ ಜಾನುವಾರು, ಮುರಿದ ಅಡಿಕೆ–ತೆಂಗಿನ ಮರಗಳ ಚಿತ್ರವೂ ಇರಬೇಕು. ಎಸೆಯುವ ವಸ್ತುಗಳ ಪಟ್ಟಿ ಮಾಡಿ, ಸಾಧ್ಯವಿದ್ದರೆ ನೆರೆಮನೆಯವರ ಸಹಿ ಪಡೆದಿಟ್ಟುಕೊಂಡರೆ ಮಹಜರಿನ ವೇಳೆ ಅನುಕೂಲ. ಒದ್ದೆಯಾದ ಪಹಣಿ, ಕ್ರಯಪತ್ರ, ಪಾಸ್‌ಬುಕ್ಕುಗಳನ್ನು ಬಿಸಿಲಿಗಿಟ್ಟು ಒಣಗಿಸುವ ಬದಲು ಹಾಳೆಗಳ ನಡುವೆ ಹೀರುಕಾಗದ ಅಥವಾ ಹತ್ತಿಬಟ್ಟೆ ಇಟ್ಟು, ನೆರಳಿನ ಗಾಳಿಯಲ್ಲಿ ನಿಧಾನವಾಗಿ ಆರಿಸಬೇಕು.

ಗೋಡೆ, ನೆಲ ಒಣಗಿಸುವ ಕ್ರಮ

ಕೆಸರನ್ನು ಹಸಿಯಾಗಿರುವಾಗಲೇ ತೆಗೆಯಬೇಕು. ಒಣಗಿದರೆ ಗಟ್ಟಿಯಾಗುವುದಷ್ಟೇ ಅಲ್ಲದೆ, ಗುಡಿಸುವಾಗ ಏಳುವ ದೂಳಿನೊಂದಿಗೆ ರೋಗಾಣುಗಳೂ ಶ್ವಾಸಕೋಶ ಸೇರುತ್ತವೆ. ಕೆಸರು ಎತ್ತಿದ ನಂತರ ಸಾಬೂನು ನೀರಿನಿಂದ ಉಜ್ಜಿ ತೊಳೆದು, ಆಮೇಲಷ್ಟೇ ಸೋಂಕುನಿವಾರಕ ಹಾಕಬೇಕು, ಏಕೆಂದರೆ ಕೊಳೆಯ ಮೇಲೆ ಸುರಿದ ಬ್ಲೀಚಿಂಗ್ ಪೌಡರ್ ಕೊಳೆಯೊಂದಿಗೇ ವರ್ತಿಸಿ ಸತ್ತ್ವ ಕಳೆದುಕೊಳ್ಳುತ್ತದೆ. ಒಂದು ಲೀಟರ್ ನೀರಿಗೆ ಸುಮಾರು 15 ಗ್ರಾಂ ಬ್ಲೀಚಿಂಗ್ ಪೌಡರ್ ಬೆರೆಸಿದರೆ ನೆಲ ಒರೆಸಲು ತಕ್ಕ ಅರ್ಧ ಶೇಕಡಾ ಕ್ಲೋರಿನ್ ದ್ರಾವಣ ಸಿದ್ಧವಾಗುತ್ತದೆ. ಅದನ್ನು ಶೌಚಾಲಯ ತೊಳೆಯುವ ಆಸಿಡ್ಡಿನೊಂದಿಗೆ ಎಂದಿಗೂ ಬೆರೆಸಬಾರದು. ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ.

ಒದ್ದೆಯಾದ ವಸ್ತುಗಳ ಮೇಲೆ 24ರಿಂದ 48 ಗಂಟೆಗಳಲ್ಲಿ ಬೂಷ್ಟು ಹಿಡಿಯಲು ತೊಡಗುತ್ತದೆ. ಹತ್ತಿಯ ಹಾಸಿಗೆ, ದಿಂಬು, ಪ್ಲೈವುಡ್ ಕಪಾಟುಗಳು ಹೊಳೆನೀರಿನಲ್ಲಿ ನೆನೆದಿದ್ದರೆ ಬಿಟ್ಟುಬಿಡುವುದೇ ಲೇಸು. ಹಲಸು, ತೇಗದ ಗಟ್ಟಿ ಮರದ ಸಾಮಾನುಗಳನ್ನು ನೆರಳಿನಲ್ಲಿ ಒಣಗಿಸಿ ಉಳಿಸಿಕೊಳ್ಳಬಹುದು. ಉಪ್ಪುನೀರು ಬಂದಿದ್ದರೆ ಒಣಗಿಸುವ ಮೊದಲು ಒಂದು ಹೆಚ್ಚಿನ ಕೆಲಸವಿದೆ: ಗೋಡೆ, ನೆಲ, ಕಿಟಕಿಯ ಸರಳು, ಗೇಟು, ಕಬ್ಬಿಣದ ಕಪಾಟು ಎಲ್ಲವನ್ನೂ ಸಿಹಿನೀರಿನಿಂದ ಎರಡು ಮೂರು ಬಾರಿ ತೊಳೆಯಬೇಕು. ಕಾಂಕ್ರೀಟಿನೊಳಗೆ ಇಳಿದ ಉಪ್ಪಿನ ಕ್ಲೋರೈಡ್ ಒಳಗಿನ ಸರಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಹೊರಗಿನ ಸಿಮೆಂಟಿನ ಪದರ ಸಿಡಿದು ಉದುರುತ್ತದೆ. ಈ ಹಾನಿ ಕಣ್ಣಿಗೆ ಬೀಳುವುದು ವರ್ಷಗಳ ನಂತರ, ತೊಳೆಯುವ ಅವಕಾಶ ಇರುವುದು ಮೊದಲ ಕೆಲವು ದಿನಗಳಲ್ಲಿ.

ಮುರಕಲ್ಲಿನ ಗೋಡೆ ಪೂರ್ತಿ ಒಣಗಲು ವಾರಗಳಲ್ಲ, ತಿಂಗಳುಗಳೇ ಬೇಕಾಗಬಹುದು. ಮೇಲ್ಮೈ ಒಣಗಿದಂತೆ ಕಂಡೊಡನೆ ಸಿಮೆಂಟ್ ಗಾರೆ ಅಥವಾ ಬಣ್ಣ ಹಚ್ಚಿದರೆ ಒಳಗಿನ ತೇವಕ್ಕೆ ಹೊರಬರುವ ದಾರಿ ಮುಚ್ಚಿ, ಹೊಸ ಗಾರೆ ಉಬ್ಬಿ ಕಳಚುತ್ತದೆ. ಗೋಡೆಯ ಮೇಲೆ ಅರಳಿದ ಉಪ್ಪನ್ನು ನೀರು ಹಾಕದೆ ಒಣ ಬ್ರಷ್ಷಿನಿಂದ ಕೆರೆದು ಮನೆಯಿಂದ ದೂರ ಹಾಕಬೇಕು. ಬಿಳಿ ಪುಡಿ ಮತ್ತೆ ಅರಳುವುದು ನಿಂತ ಮೇಲೆಯೇ ಗಾರೆಯ ಕೆಲಸ ಹಿಡಿಯಬೇಕು. ತೇವ ಹೊರಬಿಡುವ ಸುಣ್ಣದ ಗಾರೆ, ಸುಣ್ಣದ ಬಣ್ಣಗಳು ಇಂತಹ ಗೋಡೆಗಳಿಗೆ ಹೆಚ್ಚು ಒಪ್ಪುತ್ತವೆ.

ಶೌಚಗುಂಡಿ ತುಂಬಿದ್ದರೆ ಸುತ್ತಲಿನ ಅಂತರ್ಜಲ ಇಳಿಯುವ ತನಕ ಅದನ್ನು ಬರಿದು ಮಾಡಿಸಬಾರದು. ನೆಲ ನೀರಿನಿಂದ ತುಂಬಿರುವಾಗ ಖಾಲಿಯಾದ ಟ್ಯಾಂಕಿನ ಮೇಲೆ ಹೊರಗಿನ ಒತ್ತಡ ಬಿದ್ದು ಅದು ಬಿರಿಯಬಹುದು ಅಥವಾ ಮೇಲಕ್ಕೇಳಬಹುದು.

ಬಾವಿಯ ನೀರು

ಕರಾವಳಿಯ ಬಹುಪಾಲು ಮನೆಗಳಿಗೆ ತೆರೆದ ಬಾವಿಯೇ ಕುಡಿಯುವ ನೀರಿನ ಮೂಲ, ಮತ್ತು ನೆರೆಯ ನಂತರ ಅತಿ ಹೆಚ್ಚು ತಪ್ಪುಗಳಾಗುವುದೂ ಇಲ್ಲಿಯೇ. ಕೊಳಕು ನೀರು ಸೇರಿತೆಂದು ಪಂಪು ಹಚ್ಚಿ ಬಾವಿಯನ್ನು ಒಮ್ಮೆಲೇ ಬರಿದು ಮಾಡುವುದು ಸಾಮಾನ್ಯ ರೂಢಿ. ಇದರಲ್ಲಿ ಎರಡು ಅಪಾಯಗಳಿವೆ. ಸುತ್ತಲಿನ ಮಣ್ಣು ನೀರಿನಿಂದ ತುಂಬಿರುವಾಗ ಬಾವಿಯೊಳಗಿನ ನೀರಿನ ಆಸರೆ ತಪ್ಪಿದರೆ ಕಟ್ಟೆ ಒಳಕ್ಕೆ ಕುಸಿಯಬಹುದು. ಎರಡನೆಯದು ಕಡಲಂಚಿನ ಬಾವಿಗಳಿಗೆ ಸಂಬಂಧಿಸಿದ್ದು. ತೀರಪ್ರದೇಶದ ಮರಳುನೆಲದಲ್ಲಿ ಹಗುರವಾದ ಸಿಹಿನೀರು ಭಾರವಾದ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಘೈಬೆನ್–ಹರ್ಜ್‌ಬರ್ಗ್ ಸಂಬಂಧ ಎಂದು ಕರೆಯಲಾಗುವ ಲೆಕ್ಕಾಚಾರದಂತೆ, ಸಮುದ್ರಮಟ್ಟಕ್ಕಿಂತ ಮೇಲೆ ಒಂದು ಮೀಟರ್ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು 40 ಮೀಟರ್ ಆಳದವರೆಗೆ ಸಿಹಿನೀರಿರುತ್ತದೆ. ಮೇಲಿನ ಮಟ್ಟ ಸ್ವಲ್ಪ ಇಳಿದರೂ ಕೆಳಗಿನ ಉಪ್ಪುನೀರು ಅದರ ಹಲವು ಪಟ್ಟು ಮೇಲೇರಲು ತೊಡಗುವುದರಿಂದ, ಬಾವಿಯನ್ನು ಉಪ್ಪಾಗದಂತೆ ಕಾಯಬೇಕೆಂದು ಹೊರಟವರೇ ಅದನ್ನು ಉಪ್ಪಾಗಿಸಿಬಿಡುವ ಸಂಭವವಿದೆ. ಆದ್ದರಿಂದ ತೇಲುವ ಕಸ, ಎಣ್ಣೆಯ ಪದರಗಳನ್ನು ತೆಗೆದು, ದಿನಕ್ಕಷ್ಟಿಷ್ಟರಂತೆ ಮೇಲ್ಭಾಗದ ನೀರನ್ನು ಎತ್ತಿಹಾಕುತ್ತ, ಲವಣದ ಪ್ರಮಾಣವನ್ನು ಅಳೆಯುತ್ತ ಹೋಗುವುದು ಸರಿಯಾದ ಕ್ರಮ.

ರೋಗಾಣುಗಳನ್ನು ಕೊಲ್ಲಲು ಕ್ಲೋರಿನ್ ಬೇಕು. ಮೊದಲು ಬಾವಿಯಲ್ಲಿರುವ ನೀರಿನ ಪ್ರಮಾಣ ಕಂಡುಕೊಳ್ಳಬೇಕು: ಬಾವಿಯ ವ್ಯಾಸದ ವರ್ಗವನ್ನು ನೀರಿನ ಆಳದಿಂದ ಗುಣಿಸಿ, ಅದನ್ನು 3.14ರಿಂದ ಗುಣಿಸಿ 4ರಿಂದ ಭಾಗಿಸಿದರೆ ಘನ ಮೀಟರಿನಲ್ಲಿ ಉತ್ತರ ಬರುತ್ತದೆ. ಒಂದು ಘನ ಮೀಟರ್ ಎಂದರೆ ಸಾವಿರ ಲೀಟರ್. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಅದು ಸುಮಾರು 9,400 ಲೀಟರ್. ದಿನನಿತ್ಯದ ಶುದ್ಧೀಕರಣಕ್ಕೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಗುಣಮಟ್ಟದ ಬ್ಲೀಚಿಂಗ್ ಪೌಡರ್ ಸಾಕು. ನೆರೆನೀರು ಹೊಕ್ಕ ಬಾವಿಗೆ ಮೊದಲ ಸಲ ಅದರ ಇಮ್ಮಡಿ, ಅಂದರೆ ಸಾವಿರ ಲೀಟರಿಗೆ ಐದು ಗ್ರಾಂ ಬೇಕು. ಮೇಲಿನ ಬಾವಿಗೆ ಸುಮಾರು 47 ಗ್ರಾಂ ಆಗುತ್ತದೆ. ಪುಡಿಯನ್ನು ನೇರವಾಗಿ ಬಾವಿಗೆ ಎಸೆಯಬಾರದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರಿನೊಂದಿಗೆ ಗಂಟಿಲ್ಲದಂತೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ, ಚೆನ್ನಾಗಿ ಕದಡಿ, ಐದರಿಂದ ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳದಲ್ಲಿ ಕೂರುತ್ತದೆ. ಮೇಲಿನ ತಿಳಿನೀರನ್ನು ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ಬಾವಿಯ ನೀರಿನ ಒಳಗೆ ಇಳಿಸಿ, ಮೇಲೆ ಕೆಳಗೆ, ಅತ್ತ ಇತ್ತ ಆಡಿಸಿ ನೀರಿನೊಡನೆ ಬೆರೆಯುವಂತೆ ಮಾಡಬೇಕು. ತಳದ ಸುಣ್ಣವನ್ನು ಬಾವಿಗೆ ಹಾಕಿದರೆ ನೀರು ಗಡುಸಾಗುತ್ತದೆ. ಒಂದು ರಾತ್ರಿ ಬಿಟ್ಟು ಬಳಸಬಹುದಾದರೂ, ಕುಡಿಯುವ ನೀರನ್ನು ಕೊತಕೊತನೆ ಕುದಿಸಿಯೇ ಕುಡಿಯುವುದನ್ನು ಪರೀಕ್ಷೆಯ ವರದಿ ಬರುವವರೆಗೆ ಮುಂದುವರಿಸಬೇಕು.

ಕ್ಲೋರಿನ್ ರೋಗಾಣುಗಳನ್ನು ಕೊಲ್ಲುತ್ತದೆ. ಕೀಟನಾಶಕ, ಡೀಸೆಲ್, ಉಪ್ಪುಗಳನ್ನು ಅದು ತೆಗೆಯಲಾರದು. ಕುದಿಸಿದರೂ ಅವು ಹೋಗುವುದಿಲ್ಲ. ಉಪ್ಪಿನ ಸಾಂದ್ರತೆ ಕುದಿಸಿದಷ್ಟೂ ಏರುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿ.ಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಾಗ 2,000ದವರೆಗೆ ಒಪ್ಪಬಹುದು. ಸಮುದ್ರದ ನೀರಿನಲ್ಲಿ ಈ ಪ್ರಮಾಣ ಸುಮಾರು 35,000. ಎಂದರೆ ಬಾವಿಗೆ ನೂರರಲ್ಲಿ ಆರು ಪಾಲು ಕಡಲ ನೀರು ಬೆರೆತರೂ ಮಿತಿ ಮೀರುತ್ತದೆ. ಅಂತಹ ಬಾವಿಯವರು ಗ್ರಾಮ ಪಂಚಾಯತಿಯ ಮೂಲಕ ಟ್ಯಾಂಕರ್ ನೀರು ಕೇಳಿ ಪಡೆಯಬೇಕು.

ಜ್ವರ, ಭೇದಿ, ಮನಸ್ಸು

ನೆರೆಯ ನಂತರದ ವಾರಗಳಲ್ಲಿ ಕರಾವಳಿಯನ್ನು ಹೆಚ್ಚಾಗಿ ಕಾಡುವ ರೋಗಗಳಲ್ಲಿ ಇಲಿ ಜ್ವರ ಪ್ರಮುಖವಾದುದು. ಲೆಪ್ಟೋಸ್ಪೈರಾ ಎಂಬ ಬ್ಯಾಕ್ಟೀರಿಯಾ ಇಲಿ, ದನಗಳ ಮೂತ್ರದಿಂದ ನೀರು ಸೇರಿ, ಕಾಲಿನ ಗಾಯ ಅಥವಾ ನೆನೆದು ಮೆತ್ತಗಾದ ಚರ್ಮದ ಮೂಲಕ ಮನುಷ್ಯರ ದೇಹ ಹೊಗುತ್ತದೆ. ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನಗಳಲ್ಲಿ ತೀವ್ರ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಾಣಿಸುತ್ತವೆ. ನಿರ್ಲಕ್ಷಿಸಿದರೆ ಕಾಮಾಲೆ, ಮೂತ್ರಪಿಂಡದ ವೈಫಲ್ಯಕ್ಕೆ ತಿರುಗುತ್ತದೆ. ಕೆಸರಿನ ಕೆಲಸಕ್ಕೆ ಇಳಿಯುವವರು ಗಮ್ ಬೂಟು, ಕೈಗವಸು ಧರಿಸಬೇಕು, ಧನುರ್ವಾಯು ಲಸಿಕೆಯ ಅವಧಿ ಮುಗಿದಿದ್ದರೆ ಹಾಕಿಸಿಕೊಳ್ಳಬೇಕು. ಕೆಸರುನೀರಿನ ಸಂಪರ್ಕ ಮುಂದುವರಿಯುವವರಿಗೆ ವೈದ್ಯರು ವಾರಕ್ಕೊಮ್ಮೆ 200 ಮಿ.ಗ್ರಾಂ ಡಾಕ್ಸಿಸೈಕ್ಲಿನ್ ಮಾತ್ರೆ ಸೂಚಿಸುವುದುಂಟು. ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಅದು ತಕ್ಕುದಲ್ಲವಾದ್ದರಿಂದ ತಾವಾಗಿಯೇ ಕೊಂಡು ನುಂಗಬಾರದು. ಜ್ವರ ಬಂದರೆ, ನೆರೆನೀರಿನಲ್ಲಿ ನಡೆದಾಡಿದ್ದೇವೆಂದು ವೈದ್ಯರಿಗೆ ತಾವೇ ಮುಂದಾಗಿ ತಿಳಿಸುವುದು ರೋಗ ಬೇಗ ಪತ್ತೆಯಾಗಲು ನೆರವಾಗುತ್ತದೆ.

ಡೆಂಗಿ ಹರಡುವ ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಆದ್ದರಿಂದ ಒಡೆದ ಹಂಚು, ತೆಂಗಿನ ಚಿಪ್ಪು, ಟೈರು, ದೋಣಿಗೆ ಹೊದಿಸಿದ ಟಾರ್ಪಾಲಿನ ಮಡಿಕೆ, ಅಡಿಕೆ ಹಾಳೆಗಳಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ತಪ್ಪದೆ ಚೆಲ್ಲಬೇಕು. ಭೇದಿಗೆ ಒಂದು ಲೀಟರ್ ಶುದ್ಧ ನೀರಿಗೆ ಒಂದು ಪೊಟ್ಟಣ ಓಆರ್‌ಎಸ್, ಅದಿಲ್ಲದಿದ್ದರೆ ಆರು ಸಮಮಟ್ಟದ ಚಹಾ ಚಮಚ ಸಕ್ಕರೆ ಮತ್ತು ಅರ್ಧ ಚಮಚ ಉಪ್ಪು ಬೆರೆಸಿ ಕುಡಿಸುತ್ತಿರಬೇಕು; ಉಪ್ಪು ಹಾಕಿದ ಗಂಜಿಯ ತಿಳಿಯೂ ಒಳ್ಳೆಯದು.

ಮನೆ, ದೋಣಿ, ತೋಟ ಕಳೆದುಕೊಂಡವರಲ್ಲಿ ನಿದ್ದೆ ಬಾರದಿರುವುದು, ಮಳೆ ಸದ್ದಿಗೆ ಬೆಚ್ಚುವುದು, ಏನೂ ಬೇಡವೆನಿಸುವುದು ಸಹಜ. ಅದು ವಾರಗಳು ಕಳೆದರೂ ಕಡಿಮೆಯಾಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಉಚಿತವಾಗಿ ಸಲಹೆ ಪಡೆಯಬಹುದು.

ಗದ್ದೆ, ತೋಟ, ಕೊಟ್ಟಿಗೆ

ಉಪ್ಪುನೀರು ನುಗ್ಗಿದ ಗದ್ದೆಯ ಭವಿಷ್ಯ ಬಹುಮಟ್ಟಿಗೆ ತೂಫಾನು ಬಂದ ತಿಂಗಳನ್ನು ಅವಲಂಬಿಸಿದೆ. ಮೇ ತಿಂಗಳಲ್ಲಿ ಬಂದರೆ, ಹಿಂದೆಯೇ ಬರುವ ಮುಂಗಾರು ಉಪ್ಪನ್ನು ತೊಳೆಯುತ್ತದೆ. ರೈತರು ಮಾಡಬೇಕಾದುದು ತೋಡು, ಬಸಿಗಾಲುವೆಗಳನ್ನು ತೆರೆದಿಟ್ಟು, ಬದು ಕಟ್ಟಿ ಮಳೆನೀರು ನಿಲ್ಲಿಸಿ, ಒಂದೆರಡು ದಿನ ಬಿಟ್ಟು ಹೊರಬಿಡುವುದನ್ನು ಹಲವು ಬಾರಿ ಪುನರಾವರ್ತಿಸುವುದು. ಅಕ್ಟೋಬರಿನ ನಂತರ ಬಂದರೆ ತೊಳೆಯುವ ಮಳೆ ಇಲ್ಲದೆ, ಬೇಸಗೆಯ ಬಿಸಿಲಿಗೆ ಉಪ್ಪು ಮೇಲ್ಮಣ್ಣಿಗೆ ಏರಿ ಮುಂದಿನ ಜೂನ್‌ವರೆಗೂ ಉಳಿಯುತ್ತದೆ. ಅಂತಹ ಗದ್ದೆಯಲ್ಲಿ ಸುಗ್ಗಿ ಭತ್ತಕ್ಕೋ ಉದ್ದಿಗೋ ಬೀಜ ಹಾಕುವ ಮೊದಲು ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರದ ಮೂಲಕ ಮಣ್ಣಿನ ಲವಣಾಂಶ ಪರೀಕ್ಷೆ ಮಾಡಿಸಬೇಕು. ಉತ್ತರ ಕನ್ನಡದ ಅಳಿವೆ ಪ್ರದೇಶದ ಗಜನಿ ಭೂಮಿಯಲ್ಲಿ ತಲೆಮಾರುಗಳಿಂದ ಬೆಳೆದುಬಂದ ಕಗ್ಗ ಭತ್ತ ಉಪ್ಪನ್ನೂ ಮುಳುಗಡೆಯನ್ನೂ ತಾಳಿಕೊಳ್ಳುವ ತಳಿ. ಕಡಲಂಚಿನ ಬೈಲುಗಳಿಗೆ ಅದರ ಬೀಜವನ್ನು ಉಳಿಸಿಕೊಳ್ಳುವುದು ಮುಂದಾಲೋಚನೆಯ ಕೆಲಸ.

ಅಡಿಕೆ ತೋಟದಲ್ಲಿ ನಿಂತ ನೀರು ಬೇರಿನ ಉಸಿರು ಕಟ್ಟಿಸುವುದರಿಂದ ನೀರು ಬಸಿದು ಹೋಗುವ ಉಜಿರುಕಣಿಗಳನ್ನು ಮೊದಲು ಬಿಡಿಸಬೇಕು. ತೇವ ಮುಂದುವರಿದರೆ ಅಡಿಕೆಗೆ ಕೊಳೆರೋಗ, ಕಾಳುಮೆಣಸಿಗೆ ಸೊರಗು ರೋಗ, ತೆಂಗಿಗೆ ಸುಳಿ ಕೊಳೆ ತಗಲುತ್ತವೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣವನ್ನು ಬೇರೆ ಬೇರೆ ಕರಗಿಸಿ 100 ಲೀಟರ್ ನೀರಿನ ಪ್ರಮಾಣದಲ್ಲಿ ಬೆರೆಸಿದ ಶೇ 1ರ ಬೋರ್ಡೋ ದ್ರಾವಣವನ್ನು ಮಳೆ ಬಿಡುವು ಕೊಟ್ಟಾಗ ಸಿಂಪಡಿಸಬೇಕು. ಬೂಷ್ಟು ಹಿಡಿದ ಬೈಹುಲ್ಲನ್ನು ದನಗಳಿಗೆ ಹಾಕಬಾರದು. ಗಂಟಲು ಬೇನೆ, ಚಪ್ಪೆ ರೋಗಗಳ ಲಸಿಕೆಯ ಬಗ್ಗೆ ಪಶುವೈದ್ಯರನ್ನು ಕೇಳಬೇಕು. ಸತ್ತ ಜಾನುವಾರುಗಳನ್ನು ಪಶುವೈದ್ಯರ ಪರೀಕ್ಷೆ ಮುಗಿದ ಮೇಲೆ, ಬಾವಿಗಳಿಂದ ದೂರ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಪರೀಕ್ಷೆಯಿಲ್ಲದೆ ಹೂತರೆ ಪರಿಹಾರಕ್ಕೆ ಆಧಾರ ಉಳಿಯುವುದಿಲ್ಲ.

ಪರಿಹಾರ ಮತ್ತು ವಿಮೆ

ಸರ್ಕಾರದ ನೆರವು ರಾಜ್ಯ ವಿಪತ್ತು ಸ್ಪಂದನಾ ನಿಧಿಯ ಮಾನದಂಡಗಳ ಪ್ರಕಾರ ದೊರೆಯುತ್ತದೆ. ಕೇಂದ್ರ ಸರ್ಕಾರ 2022–23ರಿಂದ 2025–26ರ ಅವಧಿಗೆ ನಿಗದಿಪಡಿಸಿದ ದರಗಳಲ್ಲಿ ಮೃತರ ಕುಟುಂಬಕ್ಕೆ 4 ಲಕ್ಷ ರೂಪಾಯಿ. ಬಯಲು ಪ್ರದೇಶದಲ್ಲಿ ಪೂರ್ಣ ಅಥವಾ ತೀವ್ರವಾಗಿ ಹಾನಿಗೊಂಡ ಮನೆಗೆ 1.20 ಲಕ್ಷ, ಕನಿಷ್ಠ ಶೇ 15ರಷ್ಟು ಹಾನಿಯಾದ ಪಕ್ಕಾ ಮನೆಗೆ 6,500, ಸತ್ತ ಹಾಲುಕೊಡುವ ಹಸು, ಎಮ್ಮೆಗೆ 37,500, ಪೂರ್ಣ ನಾಶವಾದ ಸಾಂಪ್ರದಾಯಿಕ ದೋಣಿಗೆ 15,000, ಬಲೆಗೆ 4,000 ರೂಪಾಯಿ ಸೇರಿವೆ. ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾನಿಯಾದ ಬೆಳೆಗೆ ಎರಡು ಹೆಕ್ಟೇರುಗಳ ಮಿತಿಯಲ್ಲಿ ಮಳೆಯಾಶ್ರಿತಕ್ಕೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕಕ್ಕೆ 22,500 ರೂಪಾಯಿ. ರಾಜ್ಯ ಸರ್ಕಾರ ತನ್ನ ಪಾಲು ಸೇರಿಸಿ ಹೆಚ್ಚು ಕೊಡುವುದೂ ಉಂಟು. 2019ರ ನೆರೆಯ ನಂತರ ಸಂಪೂರ್ಣ ಕುಸಿದ ಮನೆಗೆ 5 ಲಕ್ಷ ರೂಪಾಯಿ ಪ್ರಕಟಿಸಲಾಗಿತ್ತು. ಜಾರಿಯಲ್ಲಿರುವ ದರವನ್ನು ತಹಶೀಲ್ದಾರರ ಕಚೇರಿಯಲ್ಲಿ ಕೇಳಿ ತಿಳಿಯಬೇಕು.

ಅರ್ಜಿಯನ್ನು ಗ್ರಾಮ ಆಡಳಿತ ಅಧಿಕಾರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಬೇಕು, ಮಹಜರಿನ ದಿನ ಮನೆಯವರು ಹಾಜರಿರಬೇಕು, ಹಾನಿಯನ್ನು ಯಾವ ವರ್ಗದಲ್ಲಿ ದಾಖಲಿಸಲಾಗಿದೆ ಎಂಬುದನ್ನು ಸ್ಥಳದಲ್ಲಿಯೇ ಕೇಳಿ ತಿಳಿದುಕೊಳ್ಳಬೇಕು. ಪೂರ್ಣ ಹಾನಿಗೂ ಭಾಗಶಃ ಹಾನಿಗೂ ಪರಿಹಾರದಲ್ಲಿ ಲಕ್ಷಕ್ಕೂ ಮೀರಿದ ಅಂತರವಿರುವುದರಿಂದ, ವರ್ಗೀಕರಣ ಒಪ್ಪಿಗೆಯಾಗದಿದ್ದರೆ ಚಿತ್ರಗಳ ಸಹಿತ ತಹಶೀಲ್ದಾರರಿಗೆ ಮರುಪರಿಶೀಲನೆ ಕೋರಬೇಕು. ಹಣ ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುವುದರಿಂದ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಮೊದಲೇ ನೋಡಿಕೊಳ್ಳುವುದು ಅಗತ್ಯ. ಫಸಲ್ ಬಿಮಾ ಯೋಜನೆಯಲ್ಲಿ ಸ್ಥಳೀಯ ವಿಕೋಪದ ನಷ್ಟವನ್ನು 72 ಗಂಟೆಗಳ ಒಳಗೆ ತಿಳಿಸಬೇಕು. ಅಡಿಕೆ, ಕಾಳುಮೆಣಸುಗಳಿಗಿರುವ ಹವಾಮಾನ ಆಧಾರಿತ ವಿಮೆಯಲ್ಲಿ ತೋಟದ ಹಾನಿಯನ್ನಲ್ಲ, ಮಳೆಮಾಪನ ಕೇಂದ್ರದ ಅಂಕಿಗಳನ್ನು ನೋಡಿ ಪರಿಹಾರ ನಿರ್ಧರಿಸುವುದರಿಂದ, ತಮ್ಮ ಪಂಚಾಯತಿಯ ಮಾಪಕ ಸುಸ್ಥಿತಿಯಲ್ಲಿದೆಯೇ ಎಂದು ವಿಚಾರಿಸುತ್ತಿರುವುದು ಬೆಳೆಗಾರರ ಹಿತಕ್ಕೆ ಒಳ್ಳೆಯದು.

ಊರಿನ ದಾಖಲೆ

ಒಂದೊಂದು ಮನೆಯವರು ಕಲಿತದ್ದು ಆ ಮನೆಯಲ್ಲಿಯೇ ಉಳಿದರೆ ಮುಂದಿನ ತೂಫಾನಿಗೆ ಊರು ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ. ನೀರು ಇಳಿದ ಒಂದು ತಿಂಗಳೊಳಗೆ, ನೆನಪು ಹಸಿಯಾಗಿರುವಾಗಲೇ, ಗ್ರಾಮಸಭೆ ಸೇರಿ ಮೂರು ವಿಷಯಗಳನ್ನು ಬರೆದಿಡುವುದು ಅವಶ್ಯ: ಯಾವ ಬೈಲಿಗೆ ಯಾವ ನೀರು, ಎಲ್ಲಿಯವರೆಗೆ, ಎಷ್ಟು ಎತ್ತರಕ್ಕೆ ಬಂತು, ಯಾವ ಬಾವಿಗಳು ಉಪ್ಪಾದವು, ಯಾವುವು ಸಿಹಿಯಾಗಿಯೇ ಉಳಿದವು, ಯಾವ ಮೋರಿ, ತೋಡು, ಒಡ್ಡುಗಳಲ್ಲಿ ನೀರು ಸಿಕ್ಕಿಹಾಕಿಕೊಂಡಿತು. ಶಾಲೆ, ಪಂಚಾಯತಿ ಕಟ್ಟಡ, ಸೇತುವೆಯ ಕಂಬಗಳ ಮೇಲೆ ನೀರಿನ ಮಟ್ಟವನ್ನು ವರ್ಷ ಸಹಿತ ಬಣ್ಣದಲ್ಲಿ ಗುರುತಿಸಿಟ್ಟರೆ, ಹೊಸ ಮನೆಯ ಪಂಚಾಂಗ ಎಷ್ಟು ಎತ್ತರವಿರಬೇಕು, ಮೀಟರ್ ಬೋರ್ಡನ್ನು ಎಲ್ಲಿ ಕೂರಿಸಬೇಕು, ಬಾವಿಕಟ್ಟೆಯನ್ನು ಎಷ್ಟು ಏರಿಸಬೇಕು ಎಂಬುದಕ್ಕೆ ಊರಿನದೇ ಆದ ಅಳತೆ ಸಿಗುತ್ತದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರ ಪ್ರತಿ ಜಿಲ್ಲೆಯ ವಿಪತ್ತು ಯೋಜನೆಯನ್ನು ರೂಪಿಸುತ್ತದೆ; ಗ್ರಾಮದ ಈ ದಾಖಲೆಯ ಪ್ರತಿಯನ್ನು ಠರಾವಿನೊಂದಿಗೆ ಆ ಪ್ರಾಧಿಕಾರಕ್ಕೆ ಕಳುಹಿಸಿದರೆ, ಪರಿಹಾರದ ಹಣ ಮುಗಿದ ಮೇಲೂ ಉಳಿಯುವ ಕೆಲಸಗಳಾದ ತೋಡಿನ ಹೂಳೆತ್ತುವಿಕೆ, ಒಡ್ಡಿನ ದುರಸ್ತಿ, ಕುಡಿಯುವ ನೀರಿನ ಪರ್ಯಾಯ ಮೂಲ ಇವುಗಳನ್ನು ಹಕ್ಕಿನಿಂದ ಕೇಳಲು ಊರಿನವರ ಕೈಯಲ್ಲಿ ಲಿಖಿತ ಆಧಾರವಿರುತ್ತದೆ.